ನೋವು ನಿಂತ ದಿನ ಎಡವಿದೆವು

ಗಣೇಶನ ಹಬ್ಬದ ಸಂಜೆ ಬಿಸಿ ಕಾಫಿ ಗುಟುಕರಿಸಿದ ಅಪ್ಪ ಲೋಟ ಕೆಳಗಿಟ್ಟು ಬಲಗೆನ್ನೆ ಹಿಡಿದುಕೊಂಡರು. ಯಾವ ಹಲ್ಲು ಎಂದು ಕೇಳಿದರೆ ಬೆರಳು ಒಮ್ಮೆ ಮೇಲಿನ ಸಾಲಿಗೆ, ಒಮ್ಮೆ ಕೆಳಗಿನ ಸಾಲಿಗೆ ಹೋಗುತ್ತಿತ್ತು. ಕಿವಿಯೂ ಸಿಡಿಯುತ್ತಿದೆ ಎಂದರು.

ರಾತ್ರಿಯಂತೂ ಕೇಳಬೇಡಿ. ಮಲಗಿದರೆ ಹಲ್ಲೊಳಗೆ ನಾಡಿ ಬಡಿದಂತೆ ಮಿಡಿತ, ಎದ್ದು ಕೂತರೆ ತುಸು ವಾಸಿ. ಮಂಚದ ಪಕ್ಕ ತಣ್ಣೀರಿನ ಚೊಂಬು. ಒಂದು ಗುಟುಕು ಬಾಯಲ್ಲಿ ಹಿಡಿದರೆ ನೋವು ತಗ್ಗುತ್ತಿತ್ತು, ನೀರು ಬೆಚ್ಚಗಾದ ಕೂಡಲೇ ಮತ್ತೆ ಶುರು. ಎರಡು ರಾತ್ರಿ ಅವರು ಹೀಗೇ ಚೊಂಬು ಖಾಲಿ ಮಾಡುತ್ತಾ ಕೂತಿದ್ದರು.

ಮನೆಮದ್ದುಗಳಿಗೇನೂ ಬರವಿರಲಿಲ್ಲ. ಅಮ್ಮ ಲವಂಗ ಕಚ್ಚಿಸಿದರು. ಅದರಲ್ಲಿರುವ ಯೂಜಿನಾಲ್ ಜಾಗವನ್ನು ಮರಗಟ್ಟಿಸುತ್ತದೆ, ಹಾಗಾಗಿ ಅರ್ಧ ಗಂಟೆ ನೆಮ್ಮದಿ. ನೋವಿನ ಮಾತ್ರೆಯನ್ನು ನುಂಗದೆ ಪುಡಿ ಮಾಡಿ ವಸಡಿಗೆ ಒತ್ತಿಕೊಂಡಿದ್ದು ಅಪ್ಪನದೇ ಉಪಾಯ. ಬೆಳಿಗ್ಗೆ ನೋಡಿದರೆ ವಸಡು ಸುಟ್ಟು ಬಿಳಿಚಿಕೊಂಡಿತ್ತು.

ಪಕ್ಕದ ಮನೆಯ ಅಜ್ಜಿ ನೆಲಗುಳ್ಳದ ಬೀಜದ ಹೊಗೆ ಹಿಡಿಸಿ, ಹುಳ ಬೀಳುತ್ತದೆ ಎಂದರು. ನಮ್ಮ 'ಹುಳುಕು ಹಲ್ಲು' ಎಂಬ ಮಾತಿನಲ್ಲೇ ಹುಳ ಕೂತಿದೆಯಲ್ಲ! ಹಲ್ಲಿನ ಹುಳದ ಕತೆಯನ್ನು ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಷ್ಟು ಹಿಂದೆಯೇ ತಳ್ಳಿಹಾಕಿದ್ದ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ-ಪಿಷ್ಟ ತಿಂದು ಬಿಡುವ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂದು ದಂತವೈದ್ಯ ಡಬ್ಲ್ಯು. ಡಿ. ಮಿಲ್ಲರ್ 1890ರಲ್ಲಿ ಪುಸ್ತಕ ಬರೆದು ವಿವರಿಸಿದ.

ಮೂರನೆಯ ದಿನ ನೋವು ತಾನಾಗಿ ನಿಂತಿತು. "ನೋಡಿದ್ಯಾ, ವಾಸಿಯಾಯ್ತು" ಎಂದರು ಅಪ್ಪ. ಡಾಕ್ಟರ ಬಳಿ ಗೊತ್ತುಮಾಡಿದ್ದ ಸಮಯವನ್ನು ನಾನೇ ರದ್ದು ಮಾಡಿದೆ. ನಾವು ಎಡವಿದ್ದು ಅಲ್ಲೇ.

ಮೂರು ವಾರದ ಮೇಲೆ ಕೆನ್ನೆ ಊದಿತು. "ಈ ಹಲ್ಲು ಉದ್ದ ಬೆಳೆದ ಹಾಗಿದೆ, ಬಾಯಿ ಮುಚ್ಚಿದರೆ ಮೊದಲು ಇದೇ ತಾಗುತ್ತೆ" ಎಂದು ಈ ಸಲ ಅಪ್ಪ ಒಂದೇ ಬೆರಳಲ್ಲಿ ತೋರಿಸಿದರು. ಮೇಲಿನ ದವಡೆಹಲ್ಲು. ಡಾಕ್ಟರು ಕನ್ನಡಿಯ ಹಿಡಿಯಿಂದ ಅದನ್ನು ಮೆಲ್ಲಗೆ ತಟ್ಟಿದ್ದೇ ತಡ, ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಡಲೆಯಷ್ಟು ಕಪ್ಪು ನೆರಳು.

ಹಲ್ಲಿನ ನಡುವೆ ನರ, ರಕ್ತನಾಳ ತುಂಬಿದ ಮೆತ್ತನೆಯ ತಿರುಳಿದೆ. ಸುತ್ತ ಗಟ್ಟಿ ಗೋಡೆ. ಕೈಗೆ ಪೆಟ್ಟಾದರೆ ಊದಲು ಜಾಗವುಂಟು, ತಿರುಳಿಗೆ ಅದಿಲ್ಲ. ಒಳಗೇ ಒತ್ತಡ ಏರುತ್ತದೆ. ಮಲಗಿದಾಗ ತಲೆಯತ್ತ ರಕ್ತದ ಒತ್ತಡ ಹೆಚ್ಚುವುದರಿಂದ ಮಿಡಿತವೂ ಜೋರು. ಕೊನೆಗೆ ತಿರುಳು ಸತ್ತರೆ ನೋವು ಮಾಯ. ಆದರೆ ಸೋಂಕು ಅಲ್ಲೇ ಉಳಿದು, ಬೇರಿನ ತುದಿಯಿಂದ ಎಲುಬಿಗೆ ಇಳಿದು ಕೀವಾಗುತ್ತದೆ. ಅಪ್ಪನಿಗೆ 'ವಾಸಿ'ಯಾಗಿದ್ದು ಹೀಗೆ.

ಮೂರು ಸಲ ಕೂರಿಸಿ ರೂಟ್ ಕೆನಾಲ್ ಮಾಡಿದರು. ಕೂದಲೆಳೆಯಂಥ ಅರಗಳಿಂದ ಕಾಲುವೆಗಳನ್ನು ಉಜ್ಜಿ, ತೊಳೆದು, ಗಟ್ಟಾಪರ್ಚಾ ಎಂಬ ಮರದಂಟಿನ ಕಡ್ಡಿ ತುಂಬಿ ಮೇಲೆ ಕ್ಯಾಪ್ ಹಾಕಿದರು. ಔಷಧಿ ಅಂಗಡಿಯಿಂದ ಕೇಳಿ ತಂದಿದ್ದ ಆಂಟಿಬಯಾಟಿಕ್ ಮಾತ್ರೆಗಳು ಹಾಗೇ ಉಳಿದವು. ಸತ್ತ ತಿರುಳಿಗೆ ರಕ್ತವೇ ಹರಿಯದ ಮೇಲೆ ಮಾತ್ರೆ ಅಲ್ಲಿಗೆ ತಲುಪುವುದಾದರೂ ಹೇಗೆ?

ಈಗ ನಮ್ಮ ಮನೆಯಲ್ಲಿ ಲೆಕ್ಕ ಸರಳ. ತಣ್ಣಗಿನದು ತಾಗಿ ಜುಮ್ಮೆಂದು ಕ್ಷಣದಲ್ಲಿ ಹೋದರೆ ಆ ವಾರದಲ್ಲೇ ತೋರಿಸುವುದು. ಆಗ ಬರೀ ಫಿಲ್ಲಿಂಗ್‌ನಲ್ಲಿ ಮುಗಿಯಬಹುದು. ಬಿಸಿಗೆ ನೊಂದು ನಿಮಿಷಗಟ್ಟಲೆ ಉಳಿದರೆ, ನಿದ್ದೆಯಿಂದ ಎಬ್ಬಿಸಿದರೆ ಮರುದಿನವೇ ಹೊರಡುವುದು, ನೋವು ನಿಂತಿದ್ದರೂ ಸರಿ.

ದವಡೆಯ ಕೆಳಗೆ ಊತ, ಜ್ವರ, ಬಾಯಿ ತೆರೆಯಲಾಗದಿರುವುದು, ಉಗುಳು ನುಂಗಲು ಕಷ್ಟ ಇದ್ದರೆ ಬೆಳಗಾಗುವವರೆಗೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಕೆಳದವಡೆಯ ನೋವಿನ ಜತೆ ಎದೆ ಬಿಗಿತ, ಬೆವರು ಇದ್ದರೆ ಅದು ಹೃದಯದ್ದಿರಬಹುದು. ಹಲ್ಲಿನ ಡಾಕ್ಟರನ್ನು ಹುಡುಕುತ್ತಾ ಕೂರದೆ 108ಕ್ಕೆ ಕರೆ ಮಾಡಿ.