ಊರಿನ ಚರಿತ್ರೆಯನ್ನು ಹೇಳುವ ರೈಲು ನಿಲ್ದಾಣ

ವಸ್ತುಸಂಗ್ರಹಾಲಯವೆಂದರೆ ಗಾಜಿನ ಪೆಟ್ಟಿಗೆಗಳಲ್ಲಿ ಇರಿಸಿದ ಹಳೆಯ ವಸ್ತುಗಳ ಸಾಲು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಕೆಲವೆಡೆ ಕಟ್ಟಡವೇ ಎಲ್ಲಕ್ಕಿಂತ ಮುಖ್ಯವಾದ ವಸ್ತುವಾಗಿರುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಲಿವರ್‌ಪೂಲ್ ರೋಡ್ ನಿಲ್ದಾಣವು ಇದಕ್ಕೆ ಉತ್ತಮ ನಿದರ್ಶನ.

ಲಿವರ್‌ಪೂಲ್ ಬಂದರಿಗೆ ಬಂದ ಹತ್ತಿಯನ್ನು ಮ್ಯಾಂಚೆಸ್ಟರಿನ ಗಿರಣಿಗಳಿಗೆ ತರುವುದು, ಸಿದ್ಧವಾದ ಬಟ್ಟೆಯನ್ನು ಮರಳಿ ಬಂದರಿಗೆ ಒಯ್ಯುವುದು ಅಂದಿನ ವರ್ತಕರ ದೊಡ್ಡ ಚಿಂತೆಯಾಗಿತ್ತು. ಇದಕ್ಕಾಗಿ ಜಾರ್ಜ್ ಸ್ಟೀಫನ್‌ಸನ್ನನ ನೇತೃತ್ವದಲ್ಲಿ ನಿರ್ಮಾಣವಾದ ರೈಲುಮಾರ್ಗವು 1830ರ ಸೆಪ್ಟೆಂಬರ್ 15ರಂದು ಪ್ರಾರಂಭವಾಯಿತು. ಎರಡು ದೊಡ್ಡ ನಗರಗಳ ನಡುವೆ ಉಗಿಯಂತ್ರಗಳ ಬಲದಿಂದಲೇ ಪ್ರಯಾಣಿಕರನ್ನು ಕ್ರಮವಾಗಿ ಒಯ್ದ ಮೊದಲ ಮಾರ್ಗವಿದು. ಅದೇ ದಿನ ಸಂಸತ್ ಸದಸ್ಯ ವಿಲಿಯಂ ಹಸ್ಕಿಸನ್ ‘ರಾಕೆಟ್’ ಯಂತ್ರಕ್ಕೆ ಸಿಲುಕಿ ಮೃತನಾದುದು ಈ ಚರಿತ್ರೆಯ ದುಃಖದ ಪುಟ.

ನಿಲ್ದಾಣದ ರಚನೆಯು ಅಂದಿನ ಸಮಾಜವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಮೊದಲನೆಯ ದರ್ಜೆಯವರಿಗೊಂದು, ಎರಡನೆಯ ದರ್ಜೆಯವರಿಗೊಂದು ಹೀಗೆ ಬೇರೆ ಬೇರೆ ಬಾಗಿಲುಗಳು. ಹಳಿಗಳಾಚೆ ಸರಕಿನ ದೊಡ್ಡ ಉಗ್ರಾಣ. ವರ್ಗಭೇದವನ್ನು ಬೋಧಿಸಲು ಶಿಕ್ಷಕನಿಗೆ ಆ ಬಾಗಿಲುಗಳೇ ಸಾಕು.

1844ರಲ್ಲಿ ಪ್ರಯಾಣಿಕರ ಸಂಚಾರವು ಬೇರೆ ನಿಲ್ದಾಣಕ್ಕೆ ವರ್ಗವಾಯಿತು. ಮುಂದೆ 1975ರವರೆಗೆ ಇಲ್ಲಿ ಸರಕು ಸಾಗಣೆ ಮಾತ್ರ ನಡೆಯಿತು. ಈ ಹಿನ್ನಡೆಯೇ ಕಟ್ಟಡಕ್ಕೆ ರಕ್ಷೆಯಾಯಿತು. ಜನಸಂದಣಿಗಾಗಿ ಅದನ್ನು ಕೆಡವಿ ಹಿಗ್ಗಿಸುವ ಅಗತ್ಯವೇ ಬೀಳಲಿಲ್ಲ. 1978ರಲ್ಲಿ ಸ್ಥಳೀಯ ಆಡಳಿತವು ಅದನ್ನು ಒಂದು ಪೌಂಡಿನ ನಾಮಮಾತ್ರ ಬೆಲೆಗೆ ಪಡೆದು ಜೀರ್ಣೋದ್ಧಾರಕ್ಕೆ ತೊಡಗಿತು. 1983ರ ಸೆಪ್ಟೆಂಬರ್ 15ರಂದು ಅಲ್ಲಿ ನಗರದ ವಿಜ್ಞಾನ ಮತ್ತು ಉದ್ಯಮಗಳ ವಸ್ತುಸಂಗ್ರಹಾಲಯವು ತೆರೆಯಿತು.

ಈ ಚರಿತ್ರೆ ಕನ್ನಡನಾಡಿಗೆ ಹೊರತಾದುದಲ್ಲ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಪೂರೈಕೆ ಕಡಿದುಹೋದಾಗ ಮ್ಯಾಂಚೆಸ್ಟರಿನ ದೃಷ್ಟಿ ಧಾರವಾಡ ಸೀಮೆಯ ಎರೆಹೊಲಗಳತ್ತ ಹರಿಯಿತು. ರೈತನ ಹತ್ತಿಗೆ ಬೆಲೆ ಏರಿತು, ಯುದ್ಧ ಮುಗಿದೊಡನೆ ಕುಸಿಯಿತು. ಗಿರಣಿಯ ಅಗ್ಗದ ಬಟ್ಟೆಯಾದರೋ ಭಾರತದ ನೇಕಾರನ ಮಗ್ಗವನ್ನು ಬಡವಾಗಿಸಿತು. ಆದುದರಿಂದ ಯಂತ್ರದ ವಿಜಯವನ್ನಷ್ಟೇ ಹೇಳಿದರೆ ಅದು ಅರ್ಧ ಪಾಠವಾದೀತು.

ಕೋಟೆ, ಅರಮನೆಗಳನ್ನು ಕಾಯ್ದುಕೊಳ್ಳುವ ನಾಡು ತನ್ನ ಉಗ್ರಾಣ, ಅರಳೆ ಕಾರ್ಖಾನೆ, ಟಿಕೀಟು ಕೋಣೆಗಳನ್ನು ಕಡೆಗಣಿಸಬಾರದು. ಇವನ್ನು ಕಟ್ಟಿದವರಾರು, ಯಾವ ಬಾಗಿಲಿನಿಂದ ಯಾರು ಒಳಬಂದರು, ಯಾವ ಸರಕು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಗಳು ತಮ್ಮ ಊರಿನಲ್ಲಿಯೇ ಕೇಳತೊಡಗಿದರೆ ಇತಿಹಾಸದ ಬೋಧನೆ ಸಾರ್ಥಕವಾಗುವುದು.