ಅಳತೆಗೆ ಮುನ್ನ ಹಿಡಿತ ನೋಡಿ



ಹಣ್ಣಿನ ಕೊಯ್ಲಿಗೆ ಮುಂಚೆ ಪಲ್ಪರ್, ಪಂಪ್‌ಸೆಟ್, ಸ್ಪ್ರೇಯರ್‌ಗಳ ಬಿಡಿಭಾಗಗಳನ್ನು ಪೇಟೆಯ ಲೇತ್ ವರ್ಕ್‌ಶಾಪಿಗೆ ಒಯ್ಯುವುದು ನಮ್ಮೆಲ್ಲರ ವಾಡಿಕೆ. "ಶಾಫ್ಟ್ ಬೆಂಡಾಗಿದೆ" ಎಂದು ಮೇಸ್ತ್ರಿ ಹೇಳಿದರೆ ತಲೆಯಾಡಿಸಿ ಹಣ ಕೊಟ್ಟು ಬರುತ್ತೇವೆ. ಅದನ್ನು ಹೇಗೆ ಹಿಡಿದು ಅಳೆದರು ಎಂದು ಕೇಳುವವರು ಕಡಿಮೆ. ಆದರೆ ಹಿಡಿತ ಸರಿಯಿಲ್ಲದಿದ್ದರೆ ಎಷ್ಟು ಬೆಲೆಬಾಳುವ ಉಪಕರಣವಾದರೂ ತಪ್ಪು ಲೆಕ್ಕವನ್ನೇ ಕೊಡುತ್ತದೆ.

ನನ್ನದೇ ಅನುಭವ ಹೇಳುತ್ತೇನೆ. ಒಂದು ವರ್ಷ ನಮ್ಮ ಪಲ್ಪರ್ ಒಂದು ಬದಿಯಲ್ಲಿ ಬೀಜ ಕತ್ತರಿಸುತ್ತಿತ್ತು, ಇನ್ನೊಂದು ಬದಿಯಲ್ಲಿ ಹಣ್ಣು ಸಿಪ್ಪೆ ಬಿಡದೆ ಹೊರಬೀಳುತ್ತಿತ್ತು. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪಿಂಗ್ ಮಾಡಬೇಕಾದ ಕಾಲ. ಶಾಫ್ಟನ್ನು ಕಳಚಿ ಒಯ್ದೆ. ಲೇತಿನ ಚಕ್ಕಿಗೆ ಸಿಕ್ಕಿಸಿ ತಿರುಗಿಸಿದಾಗ ಡಯಲ್ ಗೇಜಿನ ಮುಳ್ಳು 0.30 ಮಿ.ಮೀ. ಆಡಿತು. ಶಾಫ್ಟನ್ನು ಪ್ರೆಸ್ಸಿನಲ್ಲಿ ಒತ್ತಿ ನೆಟ್ಟಗೆ ಮಾಡಲು ಹೊರಟರು. ಅಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ತಡೆದು, ಅದನ್ನು ಎರಡು ವಿ-ಬ್ಲಾಕುಗಳ ಮೇಲಿಟ್ಟು ತಿರುಗಿಸಿದರು. ಮುಳ್ಳು ಆಡಿದ್ದು 0.04 ಮಾತ್ರ! ಸವೆದದ್ದು ಚಕ್ಕಿನ ದವಡೆಗಳು, ಶಾಫ್ಟ್ ಅಲ್ಲ. ಪಲ್ಪರಿನ ನಿಜವಾದ ದೋಷ ಒಂದು ತುದಿಯ ಬುಷ್ ಸವೆದು ಡ್ರಮ್ ಓರೆಯಾಗಿದ್ದುದು. ಬುಷ್ ಬದಲಾಯಿಸಿದೊಡನೆ ಯಂತ್ರ ಸರಿಹೋಯಿತು. ಪ್ರೆಸ್ಸಿಗೆ ಕೊಟ್ಟಿದ್ದರೆ ನೆಟ್ಟಗಿದ್ದ ಶಾಫ್ಟೂ ಕೆಡುತ್ತಿತ್ತು.

ಆದುದರಿಂದ ಸದಸ್ಯರು ಈ ಕೆಳಗಿನ ಅಂಶಗಳನ್ನು ತಿಳಿದಿರುವುದು ಒಳ್ಳೆಯದು.

1. ಶುಚಿತ್ವ: ಭಾಗವನ್ನೂ ಅದು ಕೂರುವ ಜಾಗವನ್ನೂ ಸೀಮೆಎಣ್ಣೆಯಿಂದ ಒರೆಸಬೇಕು. ಅಂಚಿನ ಮುಳ್ಳುಗಳನ್ನು ಅರದಿಂದ ತೆಗೆಯಬೇಕು. ಡಯಲ್ ಗೇಜಿನ ಒಂದು ಗೆರೆ ಸಾಮಾನ್ಯವಾಗಿ 0.01 ಮಿ.ಮೀ. ಅಡಿಯಲ್ಲಿ ತಲೆಗೂದಲಿನಷ್ಟು ದಪ್ಪದ ಕಬ್ಬಿಣದ ಚೂರು ಸಿಕ್ಕಿಕೊಂಡರೂ ಮುಳ್ಳು ಹಲವು ಗೆರೆ ಸರಿಯುತ್ತದೆ.

2. ಆಧಾರ: ಮೂರು ಕಲ್ಲಿನ ಒಲೆಯ ಮೇಲೆ ಹಂಡೆ ಅಲುಗದೆ ಕೂರುತ್ತದೆ. ನಾಲ್ಕನೆಯ ಕಲ್ಲು ಇಟ್ಟರೆ ಯಾವುದೋ ಒಂದು ಕಡೆ ಸಂದು ಉಳಿಯುತ್ತದೆ. ಸಮತಟ್ಟಿಲ್ಲದ ಎರಕದ ಭಾಗಗಳಿಗೂ ಮೂರು ಆಧಾರವೇ ಸರಿ. ದುಂಡನೆಯ ಶಾಫ್ಟಿಗೆ ಒಂದೇ ಎತ್ತರದ ಎರಡು ವಿ-ಬ್ಲಾಕುಗಳು ಬೇಕು. ಇವು 90 ಡಿಗ್ರಿ ಕೋನದ ತೋಡು ಇರುವ ಉಕ್ಕಿನ ದಿಮ್ಮಿಗಳು. ಶಾಫ್ಟಿನ ಸವೆಯದ ಭಾಗವೇ ಅವುಗಳ ಮೇಲೆ ಕೂರಬೇಕು. ತಿರುಗಿಸುವಾಗ ಉದ್ದಕ್ಕೆ ಜಾರದಂತೆ ಒಂದು ತುದಿಗೆ ತಡೆ ಕೊಡಬೇಕು.

3. ಬಿಗಿ: ಅಲುಗದಷ್ಟು ಬಿಗಿ ಸಾಕು, ಅದಕ್ಕಿಂತ ಹೆಚ್ಚು ಬೇಡ. ಕ್ಲಾಂಪಿನ ಒತ್ತಡ ಆಧಾರದ ನೇರ ಮೇಲೆಯೇ ಬೀಳಬೇಕು. ಕೆಳಗೆ ಟೊಳ್ಳಿದ್ದ ಕಡೆ ಒತ್ತಿದರೆ ಭಾಗ ಬಾಗುತ್ತದೆ. ತೆಳುವಾದ ಬುಷನ್ನು ವೈಸಿನಲ್ಲಿ ಜೋರಾಗಿ ಹಿಡಿದರೆ ಅದು ಮೊಟ್ಟೆಯಾಕಾರ ತಾಳುತ್ತದೆ. ಚಕ್ಕಿನ ಮೂರು ದವಡೆಗಳಲ್ಲಿ ಬಿಗಿಯಾಗಿ ಹಿಡಿದು ಒಳಗೆ ಕೊರೆದ ಬುಷ್ ಹಿಡಿತದಲ್ಲಿರುವಾಗ ದುಂಡಗೆ ಕಾಣುತ್ತದೆ, ಬಿಟ್ಟೊಡನೆ ಮೂರು ಮೂಲೆಯಾಗುತ್ತದೆ. ಆದ್ದರಿಂದ ಕೊನೆಯ ಅಳತೆಯನ್ನು ಹಿಡಿತ ಸಡಿಲಿಸಿದ ಮೇಲೆಯೇ ತೆಗೆಯತಕ್ಕದ್ದು.

4. ಗೇಜಿನ ಸ್ಟ್ಯಾಂಡ್: ಭಾಗದಷ್ಟೇ ಗೇಜೂ ಭದ್ರವಾಗಿರಬೇಕು. ಸ್ಟ್ಯಾಂಡಿನ ತೋಳು ಉದ್ದವಾದಷ್ಟೂ ಅಲುಗಾಟ ಹೆಚ್ಚು.

5. ಶಾಖ: ಲೇತಿನಿಂದ ಆಗತಾನೇ ಇಳಿಸಿದ ಬಿಸಿ ಭಾಗವನ್ನು ಅಳೆಯಬಾರದು. 100 ಮಿ.ಮೀ. ಉಕ್ಕು 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಬೇರಿಂಗ್ ಕೂರುವ ಜಾಗಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ.

ಹಿಡಿತ ಸರಿಯಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಶಾಫ್ಟನ್ನು ಒಂದು ಸುತ್ತು ತಿರುಗಿಸಿ ಮೊದಲಿನ ಜಾಗಕ್ಕೆ ತಂದಾಗ ಮುಳ್ಳು ಸೊನ್ನೆಗೆ ಮರಳಬೇಕು. ಮರಳದಿದ್ದರೆ ಏನೋ ಜಾರಿದೆ ಎಂದರ್ಥ. ಚಕ್ಕಿನಲ್ಲಿ ಹಿಡಿದಿದ್ದರೆ ಉಬ್ಬು ತೋರಿದ ಜಾಗದಲ್ಲಿ ಶಾಫ್ಟಿಗೂ ಚಕ್ಕಿಗೂ ಸೀಮೆಸುಣ್ಣದಿಂದ ಗುರುತು ಹಾಕಿರಿ. ಅನಂತರ ಚಕ್ ಸಡಿಲಿಸಿ, ಶಾಫ್ಟನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಹಿಡಿದು ಅಳೆಯಿರಿ. ಉಬ್ಬು ಶಾಫ್ಟಿನ ಗುರುತಿನೊಡನೆ ಬಂದರೆ ದೋಷ ಶಾಫ್ಟಿನದು. ಚಕ್ಕಿನ ಗುರುತಿನಲ್ಲೇ ಉಳಿದರೆ ದೋಷ ಚಕ್ಕಿನದು.

ಇನ್ನೊಂದು ಮಾತು. ಪೂರ್ತಿ ಒಂದು ಸುತ್ತಿನಲ್ಲಿ ಮುಳ್ಳು ಆಡಿದ ಒಟ್ಟು ಅಳತೆಯ ಅರ್ಧದಷ್ಟು ಮಾತ್ರ ಆ ಜಾಗದಲ್ಲಿ ಶಾಫ್ಟ್ ನಡುಗೆರೆಯಿಂದ ಸರಿದಿರುತ್ತದೆ. 0.10 ಆಡಿದರೆ ಸರಿದದ್ದು 0.05 ಮಿ.ಮೀ.

ಮುಂದಿನ ಸಲ ವರ್ಕ್‌ಶಾಪಿಗೆ ಹೋದಾಗ ಮೇಸ್ತ್ರಿಯವರನ್ನು ವಿನಯದಿಂದಲೇ ಕೇಳಿರಿ: "ಯಾವುದರ ಮೇಲೆ ಇಟ್ಟು ಅಳೆದಿರಿ? ಇನ್ನೊಮ್ಮೆ ನನ್ನೆದುರು ಅಳೆದು ತೋರಿಸುವಿರಾ?" ಕೆಲಸ ಬಲ್ಲವರು ಇದಕ್ಕೆ ಬೇಸರಪಡುವುದಿಲ್ಲ. ಐದು ನಿಮಿಷದ ಈ ತಾಳ್ಮೆ ಒಂದು ಶಾಫ್ಟಿನ ಬೆಲೆಯನ್ನೂ ಕೊಯ್ಲಿನ ಕಾಲದ ಹಲವು ದಿನಗಳನ್ನೂ ಉಳಿಸೀತು.