ಲೆಗ್ ಪೀಸಿಗೆ ಇನ್ನೈದು ನಿಮಿಷ ಕೊಡು

ಅನ್ನ, ಮುದ್ದೆ ಕಡಿಮೆ ಮಾಡಬೇಕು ಅಂತ ಹೊರಟವರೆಲ್ಲ ಮೊದಲು ಹೋಗಿ ತರುವುದು ಚಿಕನ್ ಬ್ರೆಸ್ಟ್. ನೀನೂ ಅದನ್ನೇ ಮಾಡಿದೆ. ಚರ್ಮ ತೆಗೆಸಿ, ಕೊಬ್ಬು ಕೆರೆಸಿ, ಎಣ್ಣೆ ಮುಟ್ಟಿಸದೆ ಸುಟ್ಟು, ತುತ್ತಿಗೊಂದು ಗುಟುಕು ನೀರು ಕುಡಿದು ನುಂಗಿದೆ. ವಾರ ತುಂಬುವುದರೊಳಗೆ ಮನೆಗೆ ಬಿರಿಯಾನಿ ಪೊಟ್ಟಣ ಬಂತು. ನಿನ್ನ ಮನಸ್ಸು ಗಟ್ಟಿಯಿಲ್ಲ ಅಂತ ನಾನು ಹೇಳುವುದಿಲ್ಲ ಮಗಾ, ತಂದ ತುಂಡು ಸರಿಯಿಲ್ಲ ಅಂತೀನಿ. ಎದೆ ಬಿಟ್ಟು ತೊಡೆ ತಾ. ಚರ್ಮದ ಸಮೇತ ತಾ. ತಂದ ಮೇಲೆ ಅದನ್ನು ಎದೆ ಮಾಂಸದ ಹಾಗೆ ಬೇಯಿಸಲು ಹೋಗಬೇಡ.

ಎರಡಕ್ಕೂ ವ್ಯತ್ಯಾಸ ಏನು ಅಂತ ಕೇಳು. ಫಾರಂ ಕೋಳಿ ಹಾರುವುದಿಲ್ಲ, ಹಾಗಾಗಿ ಎದೆಗೆ ಕೆಲಸವಿಲ್ಲ. ನಿಲ್ಲುವುದು, ನಡೆಯುವುದು ಎಲ್ಲ ಕಾಲಿನ ಮೇಲೆ. ದುಡಿಯುವ ಮಾಂಸದಲ್ಲಿ ಕೊಬ್ಬು ಹೆಚ್ಚು, ಎಳೆ ಎಳೆಗಳನ್ನು ಕಟ್ಟಿ ಹಿಡಿಯುವ ಕೊಲಾಜೆನ್ ಕೂಡ ಹೆಚ್ಚು. ಎದೆ ಮಾಂಸದ ಒಳಬಿಸಿ 70 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ರಸ ಹಿಂಡಿ ಹೋಗಲು ಶುರುವಾಗಿರುತ್ತದೆ. ಕೋಳಿಯಲ್ಲಿರುವ ರೋಗಾಣು ಸಾಯಲು 74 ಡಿಗ್ರಿ ಬೇಕು ಅನ್ನುತ್ತಾರೆ, ಆದ್ದರಿಂದ ಅಲ್ಲಿಗೆ ಮುಟ್ಟಿದ ಕೂಡಲೇ ಎದೆಯನ್ನು ಇಳಿಸಬೇಕು. ತೊಡೆಯ ಕಥೆ ಬೇರೆ. 74ಕ್ಕೆ ಅದು ತಿನ್ನಲು ಅಪಾಯವಿಲ್ಲ, ಆದರೆ ಕೀಲಿನ ಹತ್ತಿರ ಇನ್ನೂ ಜಗಿಜಗಿ. 80ರಿಂದ 85ಕ್ಕೆ ಹೋಗಲಿ, ಆಗ ಆ ಕೊಲಾಜೆನ್ ಕರಗಿ ಜೆಲಟಿನ್ ಆಗುತ್ತದೆ. ಕಾಲು ಸೂಪು ತಣ್ಣಗಾದ ಮೇಲೆ ಹೆಪ್ಪುಗಟ್ಟುತ್ತದಲ್ಲ, ಅದಕ್ಕೆ ಕಾರಣವಾದ ವಸ್ತುವೇ ಇದು. ಬಾಯಲ್ಲಿ ರಸ ಅನ್ನಿಸುವುದರಲ್ಲಿ ಅದರ ಪಾಲು ದೊಡ್ಡದು. ಒಣಗೀತು ಅಂತ ಹೆದರಿ ಬೇಗ ಇಳಿಸಿದ ಲೆಗ್ ಪೀಸೇ ಗಟ್ಟಿ. ಇನ್ನೈದು ನಿಮಿಷ ಬಿಟ್ಟದ್ದು ಮೃದು.

ಕೊಬ್ಬು ಜಾಸ್ತಿ ಅಲ್ಲವಾ ಅನ್ನುತ್ತೀಯ. ಚರ್ಮ ತೆಗೆದ, ಬೆಂದ ತೊಡೆ ಮಾಂಸ 100 ಗ್ರಾಂ ತಿಂದರೆ ಸುಮಾರು 25 ಗ್ರಾಂ ಪ್ರೋಟೀನು, 10 ಗ್ರಾಂ ಆಸುಪಾಸು ಕೊಬ್ಬು, ಕಾರ್ಬೋಹೈಡ್ರೇಟು ಇಲ್ಲವೇ ಇಲ್ಲ. ಚರ್ಮ ಸೇರಿದರೆ ಕೊಬ್ಬು ಇನ್ನೈದು ಗ್ರಾಂ ಏರಬಹುದು. ಅನ್ನ ತೆಗೆದ ತಟ್ಟೆಯಲ್ಲಿ ಕೊಬ್ಬನ್ನೂ ತೆಗೆದರೆ ಹೊಟ್ಟೆ ತುಂಬುವುದು ಯಾವುದರಿಂದ? ಇನ್ನು ನಮ್ಮ ಕಡೆಯವರ ಒಂದು ಭ್ರಮೆ ಇದೆ, ಹೇಳಿಬಿಡುತ್ತೇನೆ. ಶುಗರ್‌ಗೆ ರಾಗಿ ಒಳ್ಳೇದು ಅಂತ ಎರಡೆರಡು ಮುದ್ದೆ ಇಳಿಸುತ್ತಾರೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟೇ. ನಾರು, ಸುಣ್ಣದ ಅಂಶ ಇದೆ, ಒಪ್ಪಿದೆ. ಆದರೆ ಅದು ಲೋ ಕಾರ್ಬ್ ಊಟ ಅಲ್ಲ. ದೇಶದವರಿಗೆ ಊಟದಿಂದ ಸಿಗುವ ಶಕ್ತಿಯಲ್ಲಿ ಶೇ. 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ ಅಂತ 2025ರಲ್ಲಿ ಹೊರಬಂದ ಐಸಿಎಂಆರ್ ಇಂಡಿಯಾಬ್ ಸಮೀಕ್ಷೆ ಹೇಳಿತು. ನಮ್ಮ ಮನೆಗಳ ತಟ್ಟೆ ನೋಡಿದವರಿಗೆ ಅದೇನೂ ಹೊಸ ಸುದ್ದಿಯಲ್ಲ.

ಕೋಳಿ ಅಂಗಡಿಯಲ್ಲಿ ಸುಮ್ಮನೆ ನಿಂತರೆ ಅವನು ಚರ್ಮ ಕಿತ್ತು ಸಾರಿನ ತುಂಡು ಹಾಕಿಬಿಡುತ್ತಾನೆ. ವಿತ್ ಸ್ಕಿನ್ ಕೊಡಪ್ಪ, ಕಾಲು ಹಾಗೇ ಇಡೀದು ಇರಲಿ ಅಂತ ಮೊದಲೇ ಹೇಳು. ಬೋರ್ಡು ನೋಡು, ಸ್ಕಿನ್ ಇರುವುದಕ್ಕೇ ರೇಟು ಕಡಿಮೆ. ನಾವು ಇದನ್ನು ಕೆಂಡದ ಮೇಲೆ ಸುಡುವುದು, ಹಾಗಾಗಿ ನಾಟಿ ಕೋಳಿ ಮಾತ್ರ ತರಬೇಡ. ಓಡಾಡಿ ಬಲಿತ ಕಾಲು ಅದು, ಅರ್ಧ ಗಂಟೆಯ ಒಣ ಬಿಸಿಗೆ ಬಗ್ಗುವುದಿಲ್ಲ. ಸಾರಿನಲ್ಲೇ ಅದರ ಮರ್ಯಾದೆ. ಸುಡುವುದಕ್ಕೆ ಬ್ರಾಯ್ಲರ್ ಕೋಳಿಯೇ ಸರಿ.

ಮನೆಗೆ ತಂದು ನಲ್ಲಿ ಕೆಳಗೆ ಹಿಡಿಯಬೇಡ. ಹಸಿ ಮಾಂಸದ ಹನಿ ಸಿಂಕು, ಪಕ್ಕದ ಪಾತ್ರೆ, ಕೊತ್ತಂಬರಿ ಸೊಪ್ಪು ಎಲ್ಲದಕ್ಕೂ ಸಿಡಿಯುತ್ತದೆ. ಸಾಲ್ಮೊನೆಲ್ಲ, ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ರೋಗಾಣುಗಳು ಹೀಗೂ ಹರಡುತ್ತವೆ. ತೊಳೆಯದೆ ಮನಸ್ಸು ಒಪ್ಪದು ಅಂದರೆ ಒಂದು ಪಾತ್ರೆಯ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆ, ಆಮೇಲೆ ಸಿಂಕು, ಮಣೆ, ಕೈ ಮೂರನ್ನೂ ಸೋಪು ಹಾಕಿ ಉಜ್ಜು. ತುಂಡುಗಳನ್ನು ಪೇಪರ್ ಟವೆಲ್‌ನಲ್ಲಿ ಒತ್ತಿ ಒತ್ತಿ ಒರೆಸು. ಒದ್ದೆ ಚರ್ಮ ಕೆಂಪಾಗುವ ಮೊದಲು ಆವಿಯಲ್ಲೇ ಬೆಂದು ಹೋಗುತ್ತದೆ.

ಈಗ ಉಪ್ಪು. ಎಲ್ಲ ಮಸಾಲೆಗಿಂತ ಇದೇ ದೊಡ್ಡದು. ಒಂದು ಕಿಲೋ ಮಾಂಸಕ್ಕೆ 12ರಿಂದ 15 ಗ್ರಾಂ ಪುಡಿ ಉಪ್ಪು, ಅಂದರೆ ಮಟ್ಟಸವಾದ ಎರಡು, ಎರಡೂವರೆ ಟೀ ಚಮಚ. ರಾತ್ರಿಯೇ ಎಲ್ಲ ಕಡೆ ಹಚ್ಚಿ ಫ್ರಿಜ್ಜಿನಲ್ಲಿ ಇಡು. ಮೊದಲು ನೀರು ಬಿಡುತ್ತದೆ, ಆಮೇಲೆ ಆ ಉಪ್ಪುನೀರನ್ನು ಮಾಂಸವೇ ಹೀರಿಕೊಳ್ಳುತ್ತದೆ. ಉಪ್ಪು ಮಾಂಸದ ಪ್ರೋಟೀನನ್ನು ಸಡಿಲ ಮಾಡಿ ಬಿಸಿಯಲ್ಲೂ ನೀರು ಹಿಡಿದುಕೊಳ್ಳುವ ಹಾಗೆ ಮಾಡುತ್ತದೆ. ಬೆಳ್ಳುಳ್ಳಿ, ಮೆಣಸಿನ ರುಚಿ ಎಷ್ಟು ನೆನೆಸಿದರೂ ಮೇಲುಮೇಲೆ ನಿಲ್ಲುತ್ತದೆ, ಮೂಳೆಯ ತನಕ ಇಳಿಯುವುದು ಉಪ್ಪೊಂದೇ. ರಾತ್ರಿ ಮರೆತೆಯಾ, ಸುಡುವುದಕ್ಕೆ ಒಂದು ಗಂಟೆ ಮುಂಚೆ ಹಚ್ಚು. ಬಿಪಿ ಇದ್ದು ಡಾಕ್ಟರು ಉಪ್ಪು ಕಡಿಮೆ ಮಾಡು ಅಂದಿದ್ದರೆ ಅಳತೆ ಇಳಿಸು, ಹೊತ್ತು ಮಾತ್ರ ಇಳಿಸಬೇಡ.

ಮಸಾಲೆ ನಿನ್ನಿಷ್ಟ. ನನಗೆ ಗಟ್ಟಿ ಮೊಸರು, ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಕುಟ್ಟಿದ ಕಾಳುಮೆಣಸು, ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಸಾಕು. ಕೊಡಗಿನ ಕಡೆಯವರು ಯಾರಾದರೂ ಕಾಚಂಪುಳಿ ಕೊಟ್ಟರೆ ಕಿಲೋಗೆ ಅರ್ಧ ಚಮಚ ಹಾಕು, ಹುಳಿಗೂ ಆಗುತ್ತದೆ, ಬಣ್ಣಕ್ಕೂ ಆಗುತ್ತದೆ. ನಿಂಬೆರಸದಲ್ಲಿ ರಾತ್ರಿಯಿಡೀ ನೆನೆಸಬೇಡ, ಹೊರಪದರ ಹಿಟ್ಟುಹಿಟ್ಟಾಗುತ್ತದೆ. ಪಪ್ಪಾಯಿಯಂತೂ ಬೇಡವೇ ಬೇಡ. ಅಂಗಡಿಯ ಕಬಾಬ್ ಪೌಡರ್ ಪೊಟ್ಟಣ ತಿರುಗಿಸಿ ಓದು, ಕಾರ್ನ್‌ಫ್ಲೋರೋ ಅಕ್ಕಿ ಹಿಟ್ಟೋ ಸೇರಿಸಿರುವುದೇ ಹೆಚ್ಚು. ಬಾರ್ಬೆಕ್ಯೂ ಸಾಸ್ ಅಂತ ಬಾಟಲಿಯಲ್ಲಿ ಬರುವುದರಲ್ಲಿ ಸಾಮಾನ್ಯವಾಗಿ ಸಕ್ಕರೆ ಜಾಸ್ತಿ. ಒಂದು ಕಡೆ ಅನ್ನ ಬಿಟ್ಟು ಇನ್ನೊಂದು ಕಡೆ ಅದನ್ನು ಬಳಿಯುವುದು ಯಾವ ಲೆಕ್ಕ? ಜೊತೆಗೆ, ಸಕ್ಕರೆ, ಜೇನುತುಪ್ಪ ಕೆಂಡದ ಮೇಲೆ ಮಾಂಸ ಬೇಯುವ ಮೊದಲೇ ಕರಕಲಾಗುತ್ತವೆ.

ಬೆಂಕಿಯ ವಿಷಯದಲ್ಲಿ ಅವಸರ ಮಾಡುವವರೇ ಜಾಸ್ತಿ. ಉರಿಯ ಮೇಲೆ ಸುಡಬೇಡ, ಕೆಂಡದ ಮೇಲೆ ಸುಡು. ಇದ್ದಿಲ ಮೇಲೆ ಬಿಳಿ ಬೂದಿ ಕೂರುವವರೆಗೆ ಕಾಯಿ. ಆಮೇಲೆ ಕೆಂಡವನ್ನೆಲ್ಲ ಒಂದೇ ಪಕ್ಕಕ್ಕೆ ತಳ್ಳು, ಇನ್ನೊಂದು ಪಕ್ಕ ಖಾಲಿ ಇರಲಿ. ಹಚ್ಚಿದ ಮಸಾಲೆಯಲ್ಲಿ ಹೆಚ್ಚಾದದ್ದನ್ನು ಒರೆಸಿ, ತುಂಡುಗಳನ್ನು ಮೊದಲು ಖಾಲಿ ಪಕ್ಕದ ಜಾಲರಿಯ ಮೇಲೆ, ಚರ್ಮ ಮೇಲಾಗಿ ಇಡು. ಮುಚ್ಚಳ ಹಾಕು. ನಿನ್ನ ಒಲೆಗೆ ಮುಚ್ಚಳ ಇಲ್ಲದಿದ್ದರೆ ಒಂದು ಹಳೆಯ ಸ್ಟೀಲ್ ಬೋಗುಣಿ ಬೋರಲು ಹಾಕು. ಮೂಳೆ ಇರುವ ತೊಡೆ ಹೀಗೆ ಅರ್ಧ ಗಂಟೆ ಹೆಚ್ಚುಕಮ್ಮಿ ಬೇಯುತ್ತದೆ, ನಡುವೆ ಒಂದು ಸಲ ಜಾಗ ಬದಲಿಸು ಸಾಕು. ಕೊನೆಯಲ್ಲಿ ಇಕ್ಕಳದಲ್ಲಿ ಎತ್ತಿ, ಚರ್ಮ ಕೆಳಗಾಗಿ ಕೆಂಡದ ನೇರಕ್ಕೆ ತಾ. ಈಗ ಜಿಡ್ಡು ಚುರ್ರನೆ ತೊಟ್ಟಿಕ್ಕುತ್ತದೆ, ಜ್ವಾಲೆ ಏಳುತ್ತದೆ. ನೀರು ಚಿಮುಕಿಸಬೇಡ, ಬೂದಿಯೆಲ್ಲ ಎದ್ದು ಮಾಂಸಕ್ಕೆ ಹತ್ತುತ್ತದೆ. ತುಂಡನ್ನೇ ಖಾಲಿ ಪಕ್ಕಕ್ಕೆ ಸರಿಸು, ಜ್ವಾಲೆ ತಾನಾಗಿ ಇಳಿಯುತ್ತದೆ. ಮತ್ತೆ ತಾ. ಎರಡು ಮೂರು ನಿಮಿಷದಲ್ಲಿ ಚರ್ಮ ಗರಿಯಾಗಿ ಜಾಲರಿಯಿಂದ ತಾನೇ ಬಿಡುತ್ತದೆ. ಬಿಡದಿದ್ದರೆ ಕೀಳಬೇಡ, ಇನ್ನೂ ಆಗಿಲ್ಲ ಅಂತ ಅರ್ಥ. ಕರಿ ಕರಕಲಾದ ಕಡೆ ಕೆರೆದು ಹಾಕು, ಅದನ್ನು ರುಚಿ ಅಂತ ತಿನ್ನಬೇಡ.

ಇದ್ದಿಲನ್ನು ಯಾವ ಕಾರಣಕ್ಕೂ ಮನೆಯೊಳಗೆ, ಗಾಜು ಮುಚ್ಚಿದ ಬಾಲ್ಕನಿಯೊಳಗೆ ಹಚ್ಚಬೇಡ. ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯಿಲ್ಲ. ಟೆರೇಸಿಗೆ ಹೋಗು. ಅದಾಗದಿದ್ದರೆ ಮೂಳೆ ತೆಗೆಸಿದ ತೊಡೆ ತಂದು ಕಬ್ಬಿಣದ ಕಾವಲಿಯ ಮೇಲೆ ಮಾಡು. ಹತ್ತು ಹನ್ನೆರಡು ನಿಮಿಷದ ಕೆಲಸ, ಹೊಗೆಯ ಪರಿಮಳ ಒಂದು ಬಿಟ್ಟರೆ ಏನೂ ಕಡಿಮೆಯಿಲ್ಲ.

ಬೆಂದಿತೋ ಇಲ್ಲವೋ ಅಂತ ಪದೇ ಪದೇ ಚಾಕು ಹಾಕಿ ನೋಡುವ ಚಟ ಬಿಡು. ಒಂದು ಮೀಟ್ ಥರ್ಮಾಮೀಟರ್ ಕೊಂಡುಕೋ, ಎರಡು ಸಲ ಹೋಟೆಲಿಗೆ ಹೋಗುವ ಖರ್ಚೂ ಇಲ್ಲ. ದಪ್ಪ ಇರುವ ಕಡೆ ಚುಚ್ಚು, ಮೂಳೆಗೆ ತಾಗಿಸಬೇಡ. ಅದಿಲ್ಲದಿದ್ದರೆ ಕಾಲನ್ನು ಕೀಲಿನಲ್ಲಿ ಅಲ್ಲಾಡಿಸಿ ನೋಡು, ಸಲೀಸಾಗಿ ಆಡಬೇಕು, ಮಾಂಸ ಮೂಳೆಯ ತುದಿಯಿಂದ ಹಿಂದೆ ಸರಿದಿರಬೇಕು. ಮೂಳೆಯ ಬಳಿ ಸ್ವಲ್ಪ ಕೆಂಪು ಕಂಡರೆ ಗಾಬರಿಯಾಗಬೇಡ. ಎಳೆ ಕೋಳಿಯ ಮೂಳೆ ಸರಂಧ್ರ, ಒಳಗಿನ ಮಜ್ಜೆಯ ಬಣ್ಣ ಹೊರಗೆ ಇಳಿದಿರುತ್ತದೆ. 80 ತೋರಿಸಿದ್ದರೆ ಅದು ಬೆಂದಿದೆ. ಇಳಿಸಿ ಐದು ನಿಮಿಷ ಮುಚ್ಚದೆ ಬಿಡು. ಮುಚ್ಚಿದರೆ ಗರಿಯಾದ ಚರ್ಮ ಮೆತ್ತಗಾಗುತ್ತದೆ. ಹಸಿ ಮಾಂಸ ಇಟ್ಟಿದ್ದ ತಟ್ಟೆಗೇ ಮತ್ತೆ ಹಾಕಬೇಡ, ಇದನ್ನು ಹೇಳಲೇಬೇಕು.

ಪಕ್ಕಕ್ಕೆ ಏನು ಅಂದರೆ ಸೌತೆಕಾಯಿ, ಎಲೆಕೋಸು ಸಣ್ಣಗೆ ಹೆಚ್ಚಿ ನಿಂಬೆ ಹಿಂಡಿದ್ದು, ಕಾಯಿತುರಿ ಹಾಕಿದ ಹುರುಳಿಕಾಯಿ ಪಲ್ಯ, ಇಲ್ಲ ದಂಟಿನ ಸೊಪ್ಪು. ಮಿಕ್ಕಿದ ಮೂಳೆಗಳನ್ನು ಎಸೆಯದೆ ಕುಕ್ಕರಿನಲ್ಲಿ ನೀರು, ಮೆಣಸು ಹಾಕಿ ಕೂಗಿಸು, ರಾತ್ರಿಗೆ ಸೂಪಾಯಿತು.

ಕೊನೆಗೆ ಒಂದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ನೀನು ಶುಗರ್‌ಗೆ ಇನ್ಸುಲಿನ್ನೋ ಗ್ಲಿಮೆಪಿರೈಡ್ ಮಾತ್ರೆಯೋ ತೆಗೆದುಕೊಳ್ಳುತ್ತಿದ್ದರೆ, ಅನ್ನ ಮುದ್ದೆ ದಿಢೀರ್ ಬಿಟ್ಟ ದಿನವೇ ಶುಗರ್ ಪಾತಾಳಕ್ಕೆ ಇಳಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಪಥ್ಯ ನೋಡಬೇಡ, ತಕ್ಷಣ ಸಕ್ಕರೆ ಬಾಯಿಗೆ ಹಾಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆ ಇದ್ದರೆ ಇನ್ನೂ ಎಚ್ಚರ. ಕಾರ್ಬೋಹೈಡ್ರೇಟು ತೀರಾ ಕಡಿಮೆಯಾದಾಗ ಶುಗರ್ ನಾರ್ಮಲ್ ತೋರಿಸುತ್ತಿದ್ದರೂ ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ. ಕಿಡ್ನಿ ತೊಂದರೆ ಇದ್ದವರಿಗೆ ಪ್ರೋಟೀನಿನ ಲೆಕ್ಕವೇ ಬೇರೆ. ಆದ್ದರಿಂದ ಕೋಳಿ ತರುವ ಮೊದಲು ನಿನ್ನ ಮಾತ್ರೆಯ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗು, ಊಟ ಹೀಗೆ ಬದಲಿಸುತ್ತಿದ್ದೇನೆ, ಡೋಸ್ ಏನು ಮಾಡಲಿ ಅಂತ ಕೇಳಿ ಬಾ.